ಬಿಪಿ ಗುಳಿಗಿ ‘ನಮ್ಮ ಜನಕ್ಕೆ ನಾಟೋದಿಲ್ಲ’ ಅಂತ ಓದಿದರೆ ಏನು ಮಾಡಬೇಕು

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಕಾಕಾ ಬಿಪಿ ಗುಳಿಗಿ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆರು ವರ್ಷದಿಂದ ದಿನಾ ಬೆಳಿಗ್ಗೆ ಚಹಾ ಆದಮೇಲೆ ಟೆಲ್ಮಿಸಾರ್ಟಾನ್ 40 ತಗೊಳ್ಳುತ್ತಿದ್ದವರು. ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಔಷಧಿ ಅಂಗಡಿ ಇದೆ, ಅವರ ಗುಳಿಗಿ ಇಲ್ಲಿಂದಲೇ ಹೋಗೋದು. ತಿಂಗಳಿಗೆ ಬರಬೇಕಾದವರು ಬರಲಿಲ್ಲ. ಧಾರವಾಡಕ್ಕೆ ಮಗಳ ಮನೆಗೆ ಹೋಗಿರಬೇಕು ಅಂತ ಸುಮ್ನೆ ಇದ್ದೆ. ಮೂರು ವಾರ ಕಳೆದ ಮೇಲೆ ಬಂದರು, ತಲೆ ಹಿಂದೆ ಜಗ್ಗತೈತಿ, ಒಂದು ತಲೆನೋವಿನ ಗುಳಿಗಿ ಕೊಡು ಅಂತ. ಕೂರಿಸಿ ಪಟ್ಟಿ ಕಟ್ಟಿದೆ. 186/104. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ, 182/102.

“ಯಾಕ ಕಾಕಾ, ಬಿಪಿ ಗುಳಿಗಿ ತಗೊಂಡಿಲ್ಲೇನು?”

“ಅದು ನಮ್ಮಂಥಾ ಕರಿ ಮೈಯಾವ್ರಿಗೆ ನಾಟೂದಿಲ್ಲಂತ. ಅಮೆರಿಕಾದಾಗ ಕಂಡುಹಿಡದಾರ. ಸುಮ್ನ ಯಾಕ ರೊಕ್ಕ ಹಾಳು ಮಾಡೂದು?”

ಮೊಬೈಲ್ ತೆಗೆದು ಮೆಸೇಜ್ ತೋರಿಸಿದರು. ಕಪ್ಪು ಜನರ ರಕ್ತನಾಳವೇ ಬೇರೆ ಥರ ಇರುತ್ತದೆ, ಈ ಗುಂಪಿನ ಮಾತ್ರೆ ಅವರಿಗೆ ಕೆಲಸ ಮಾಡೋದಿಲ್ಲ, ಇದು ದೊಡ್ಡ ಸಂಶೋಧನೆ, ಎಲ್ಲರಿಗೂ ಕಳಿಸಿ ಅಂತ ಇತ್ತು. ಪೂರ್ತಿ ಸುಳ್ಳಾಗಿದ್ದರೆ ಅದನ್ನ ಅಲ್ಲೇ ತಳ್ಳಿಹಾಕಬಹುದಿತ್ತು. ಆದರೆ ಅದರಲ್ಲಿ ಅರ್ಧ ನಿಜ ಇತ್ತು. ಆ ಅರ್ಧವನ್ನ ಬಿಡಿಸಿ ಹೇಳೋಕೆ ಕೌಂಟರ್ ಹಿಂದೆ ನಿಂತು ಐದು ನಿಮಿಷದಲ್ಲಿ ಆಗೋದಿಲ್ಲ. ಕಾಕಾನನ್ನ ಅವತ್ತೇ ಅವರ ಡಾಕ್ಟರ ಹತ್ತಿರ ಕರಕೊಂಡು ಹೋದೆ, ಗುಳಿಗಿ ಮತ್ತೆ ಶುರುವಾಯಿತು. ಇಂಥ ಮೆಸೇಜ್ ನಿಮ್ಮ ಮನೆಗೂ ಬರುತ್ತದೆ, ಅಥವಾ ಆಗಲೇ ಬಂದಿರುತ್ತದೆ. ಅದನ್ನ ಹೇಗೆ ಓದಬೇಕು, ಓದಿ ಏನು ಮಾಡಬೇಕು ಅಂತ ನನಗೆ ಗೊತ್ತಿದ್ದಷ್ಟು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಏನೇ ಓದಿದರೂ ಗುಳಿಗಿ ನಿಲ್ಲಿಸಬೇಡಿ. ಮೊದಲು ಡಾಕ್ಟರನ್ನ ಕೇಳಿ, ಆಮೇಲೆ ಮುಂದಿನ ಮಾತು. ಬಿಪಿ 180/120 ದಾಟಿದ್ದು ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲೋದು, ಕಣ್ಣು ಮಂಜಾಗೋದು, ಒಂದು ಕಡೆ ಕೈಕಾಲು ಸೋತ ಹಾಗಾಗೋದು ಇದ್ದರೆ ಈ ಬರಹ ಓದ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ರಕ್ತನಾಳದ ಒಳಗಿನ ಅಸ್ತರ್

ಬಿಪಿ ಅಂದ ಕೂಡಲೇ ಎಲ್ಲರ ಕೈ ಎದೆ ಕಡೆ ಹೋಗುತ್ತದೆ. ಮೆಸೇಜ್ ಅರ್ಥ ಆಗಬೇಕಾದರೆ ರಕ್ತನಾಳವನ್ನ ನೋಡಬೇಕು. ಅದು ಮನೆ ನಳದ ಪ್ಲಾಸ್ಟಿಕ್ ಪೈಪ್ ಥರ ಅಲ್ಲ. ಅದರ ಗೋಡೆಯಲ್ಲಿ ಸ್ನಾಯು ಇದೆ. ಸ್ನಾಯು ಬಿಗಿದರೆ ನಾಳ ಸಣ್ಣ ಆಗುತ್ತದೆ, ಸಡಿಲಾದರೆ ಅಗಲ ಆಗುತ್ತದೆ. ಸಣ್ಣ ಆದಷ್ಟೂ ಒಳಗೆ ಒತ್ತಡ ಜಾಸ್ತಿ. ಗೋಡೆಯ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ ಇದೆ, ಟೇಲರ್ ಕೋಟಿನ ಒಳಗೆ ಹಚ್ಚೋ ಅಸ್ತರ್ ಇದ್ದ ಹಾಗೆ. ಎಂಡೋಥೀಲಿಯಂ ಅಂತ ಅದರ ಹೆಸರು. ಬಹಳ ವರ್ಷ ಇದಕ್ಕೆ ಹೆಚ್ಚಿನ ಕೆಲಸ ಏನಿಲ್ಲ, ಬರೀ ಹೊದಿಕೆ ಅಂತಲೇ ಅಂದುಕೊಂಡಿದ್ದರು.

ನ್ಯೂಯಾರ್ಕ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಅನ್ನೋ ವಿಜ್ಞಾನಿ ಮೊಲದ ರಕ್ತನಾಳದ ತುಂಡಿನ ಮೇಲೆ ಪ್ರಯೋಗ ಮಾಡುತ್ತಿದ್ದರು. ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹಾಕಿದರೆ ಒಮ್ಮೆ ನಾಳ ಸಡಿಲಾಗೋದು, ಇನ್ನೊಮ್ಮೆ ಬಿಗಿಯೋದು. ಔಷಧಿ ಅದೇ, ಮೊಲ ಅದೇ, ಫಲ ಮಾತ್ರ ಬೇರೆ. ಕೊನೆಗೆ ಗೊತ್ತಾಗಿದ್ದು ಇಷ್ಟು: ತುಂಡು ಸಿದ್ಧ ಮಾಡುವಾಗ ಒಳಗಿನ ಪದರ ಉಜ್ಜಿ ಹೋಗಿದ್ದರೆ ನಾಳ ಬಿಗಿಯುತ್ತದೆ, ಪದರ ಹಾಗೇ ಉಳಿದಿದ್ದರೆ ಸಡಿಲಾಗುತ್ತದೆ. ಅಂದರೆ ಸಡಿಲಾಗು ಅಂತ ಸ್ನಾಯುವಿಗೆ ಹೇಳೋದು ಆ ಅಸ್ತರ್. 1980ರಲ್ಲಿ ಇದು ಪ್ರಕಟವಾಯಿತು. ಅಸ್ತರ್ ಕಳಿಸೋ ಆ ಸಂದೇಶ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಅಂತ ಆಮೇಲೆ ಖಚಿತವಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿದ್ ಮುರಾದ್ ಮೂವರಿಗೂ ನೊಬೆಲ್ ಬಂತು. ಎದೆ ಹಿಡಿದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಸಾರ್ಬಿಟ್ರೇಟ್ ಗುಳಿಗಿ ನೀವು ನೋಡಿರುತ್ತೀರಿ. ಅದು ಮಾಡೋ ಕೆಲಸವೂ ಇದೇ, ನೈಟ್ರಿಕ್ ಆಕ್ಸೈಡ್ ಒದಗಿಸಿ ನಾಳವನ್ನ ಸಡಿಲ ಮಾಡೋದು. ನನ್ನ ಅಂಗಡಿಯ ಎಡಗಡೆ ಡ್ರಾದಲ್ಲಿ ಯಾವಾಗಲೂ ಇರುತ್ತದೆ. ಈ ಗುಳಿಗಿಯ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಅಸ್ತರ್ ಚೆನ್ನಾಗಿದೆಯಾ ಅಂತ ಬದುಕಿರೋ ಮನುಷ್ಯನಲ್ಲಿ ನೋಡೋದು ಹೇಗೆ? ಒಂದು ಸರಳ ಉಪಾಯ ಇದೆ. ತೋಳಿನ ರಕ್ತನಾಳವನ್ನ ಅಲ್ಟ್ರಾಸೌಂಡ್‌ನಲ್ಲಿ ಅಳೆಯುತ್ತಾರೆ. ಆಮೇಲೆ ಪಟ್ಟಿ ಕಟ್ಟಿ ಗಾಳಿ ತುಂಬಿ ಐದು ನಿಮಿಷ ರಕ್ತ ನಿಲ್ಲಿಸುತ್ತಾರೆ. ಬಿಟ್ಟ ತಕ್ಷಣ ರಕ್ತ ನುಗ್ಗಿ ಬರುತ್ತದೆ, ಆ ರಭಸಕ್ಕೆ ಅಸ್ತರ್ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಅಗಲ ಆಗುತ್ತದೆ. ಎಷ್ಟು ಅಗಲ ಆಯಿತು ಅಂತ ನೋಡೋದು, ಅಷ್ಟೇ. ಬೀಡಿ ಸಿಗರೇಟು ಸೇದೋರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಕಮ್ಮಿ ಅಗಲ ಆಗುತ್ತದೆ.

ಮೆಸೇಜಿನ ನಿಜವಾದ ಅರ್ಧ

ಈಗ ‘ಕಪ್ಪು ಜನರ ರಕ್ತನಾಳ’ದ ಮಾತಿಗೆ ಬರೋಣ. ಇದು ಗಾಳಿಮಾತಲ್ಲ. ಅಮೆರಿಕದಲ್ಲಿ ಮುಂಗೈಗೆ ಹೋಗೋ ನಾಳಕ್ಕೆ ಔಷಧಿ ಬಿಟ್ಟು ರಕ್ತದ ಹರಿವು ಅಳೆದ ಅಧ್ಯಯನಗಳಲ್ಲಿ, ನೈಟ್ರಿಕ್ ಆಕ್ಸೈಡ್‌ನಿಂದ ಆಗೋ ಸಡಿಲಿಕೆ ಬಿಳಿಯರಿಗಿಂತ ಕಪ್ಪು ಅಮೆರಿಕನ್ನರಲ್ಲಿ ಸರಾಸರಿ ಕಮ್ಮಿ ಅಂತ ಕಂಡಿತು. 2004ರಲ್ಲಿ ಹೊಕ್ಕುಳಬಳ್ಳಿಯ ನಾಳದಿಂದ ತೆಗೆದ ಜೀವಕೋಶಗಳನ್ನ ಹೋಲಿಸಿದರು. ಕಪ್ಪು ತಾಯಂದಿರ ಮಕ್ಕಳ ಹೊಕ್ಕುಳಬಳ್ಳಿಯ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಕೆಲಸಕ್ಕೆ ಸಿಗೋದು ಕಮ್ಮಿ, ಯಾಕಂದರೆ ಸೂಪರ್‌ಆಕ್ಸೈಡ್ ಅನ್ನೋ ಇನ್ನೊಂದು ವಸ್ತು ಅದನ್ನ ನುಂಗಿಹಾಕುತ್ತಿತ್ತು.

ಇನ್ನೊಂದು ವಿಷಯ ಕಿಡ್ನಿಯದ್ದು. ಕಿಡ್ನಿ ರೆನಿನ್ ಅನ್ನೋದನ್ನ ಬಿಡುತ್ತದೆ. ಅದರಿಂದ ಸರಪಳಿಯ ಹಾಗೆ ಒಂದಾದ ಮೇಲೊಂದು ನಡೆದು ಕೊನೆಗೆ ಆಂಜಿಯೋಟೆನ್ಸಿನ್ ಹುಟ್ಟುತ್ತದೆ, ಅದು ನಾಳವನ್ನ ಬಿಗಿಯುತ್ತದೆ, ಉಪ್ಪನ್ನ ಹಿಡಿದಿಡುತ್ತದೆ. ಹೆಸರಿನ ಕೊನೆಗೆ ‘ಪ್ರಿಲ್’ ಇರೋ ಗುಳಿಗಿಗಳು, ಎನಾಲಾಪ್ರಿಲ್, ರಾಮಿಪ್ರಿಲ್ ಇಂಥವು, ಮತ್ತೆ ಕಾಕಾನ ಟೆಲ್ಮಿಸಾರ್ಟಾನ್ ಹಾಗೆ ಕೊನೆಗೆ ‘ಸಾರ್ಟಾನ್’ ಇರೋವು ಈ ಸರಪಳಿಯನ್ನೇ ಕತ್ತರಿಸೋದು. ಕೆಲವರ ಮೈಯಲ್ಲಿ ರೆನಿನ್ ಮೊದಲೇ ಕಮ್ಮಿ. ಅವರ ಬಿಪಿ ಏರೋದು ಉಪ್ಪು ನೀರು ತುಂಬಿಕೊಂಡು. ಅಂಥವರಿಗೆ ಸರಪಳಿ ಕತ್ತರಿಸಿದರೆ ಲಾಭ ಕಮ್ಮಿ. ಮೂತ್ರ ಹೋಗಿಸೋ ಗುಳಿಗಿ, ಅಥವಾ ನಾಳದ ಸ್ನಾಯುವನ್ನೇ ಸಡಿಲ ಮಾಡೋ ಅಮ್ಲೋಡಿಪಿನ್ ಥರದ್ದು ಚೆನ್ನಾಗಿ ನಾಟುತ್ತದೆ. ಆಫ್ರಿಕಾ ಮೂಲದವರಲ್ಲಿ ಸರಾಸರಿ ರೆನಿನ್ ಕಮ್ಮಿ. 2002ರಲ್ಲಿ ಫಲಿತಾಂಶ ಬಂದ ಆಲ್‌ಹ್ಯಾಟ್ ಅನ್ನೋ ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ, ಲಿಸಿನೋಪ್ರಿಲ್‌ನಿಂದ ಚಿಕಿತ್ಸೆ ಶುರು ಮಾಡಿದ ಕಪ್ಪು ರೋಗಿಗಳಿಗೆ ಕ್ಲೋರ್ಥಾಲಿಡೋನ್ ಅನ್ನೋ ಮೂತ್ರದ ಗುಳಿಗಿ ತಗೊಂಡ ಕಪ್ಪು ರೋಗಿಗಳಿಗಿಂತ ಲಕ್ವ ಹೊಡೆಯೋದು ಸುಮಾರು 40 ಪ್ರತಿಶತ ಜಾಸ್ತಿ ಇತ್ತು. ಇದು ಸಣ್ಣ ಮಾತಲ್ಲ. ಬ್ರಿಟನ್ನಿನ ಮಾರ್ಗಸೂಚಿ ಇವತ್ತಿಗೂ ಸಕ್ಕರೆ ಕಾಯಿಲೆ ಇಲ್ಲದ ಆಫ್ರಿಕಾ ಮೂಲದವರಿಗೆ ಮೊದಲು ಅಮ್ಲೋಡಿಪಿನ್ ಗುಂಪಿನದನ್ನ ಕೊಡಿ ಅಂತ ಹೇಳೋದು ಈ ಥರದ ಪುರಾವೆಯಿಂದಲೇ.

ಆದರೆ ಅದೇ ಮಾರ್ಗಸೂಚಿ ಇನ್ನೊಂದು ಮಾತನ್ನೂ ಹೇಳುತ್ತದೆ. ಸಕ್ಕರೆ ಕಾಯಿಲೆ ಇಲ್ಲದ, 55 ದಾಟಿದ ಯಾರಿಗೇ ಆದರೂ, ಯಾವ ಮೂಲದವರೇ ಆದರೂ, ಮೊದಲು ಅಮ್ಲೋಡಿಪಿನ್ ಗುಂಪಿನದೇ. ಯಾಕಂದರೆ ವಯಸ್ಸಾದ ಹಾಗೆ ಎಲ್ಲರಲ್ಲೂ ರೆನಿನ್ ಇಳಿಯುತ್ತದೆ. ಮೆಸೇಜ್ ಬರೆದವರು ಇದನ್ನ ಬಿಟ್ಟುಬಿಟ್ಟಿದ್ದರು.

ಓದುವಾಗ ಕೇಳಬೇಕಾದ ಪ್ರಶ್ನೆಗಳು

ಮೊದಲನೇ ಪ್ರಶ್ನೆ: ಯಾರನ್ನ ಯಾರ ಜೊತೆ ಹೋಲಿಸಿದ್ದಾರೆ? ಕಾಕಾನ ಮೆಸೇಜಿನ ಮೂಲದಲ್ಲಿ ಇದ್ದದ್ದು ಅಮೆರಿಕದ ಕಪ್ಪು ಜನ, ಅಂದರೆ ಆಫ್ರಿಕಾ ಮೂಲದವರು. ಕನ್ನಡಕ್ಕೆ ಬರುವಷ್ಟರಲ್ಲಿ ಅದು ಮೈಬಣ್ಣದ ಮಾತಾಯಿತು. ಗದಗ ಕಡೆ ಬಿಸಿಲಲ್ಲಿ ಮೂವತ್ತು ವರ್ಷ ಹೊಲ ಮಾಡಿದವರ ಮೈ ಕಪ್ಪಗಿರೋದಕ್ಕೂ ಅವರ ಕಿಡ್ನಿ ಎಷ್ಟು ರೆನಿನ್ ಬಿಡುತ್ತದೆ ಅನ್ನೋದಕ್ಕೂ ಏನು ಸಂಬಂಧ? ಏನೂ ಇಲ್ಲ.

ಎರಡನೇದು ಸರಾಸರಿ. ಇದು ಎಲ್ಲಕ್ಕಿಂತ ಮುಖ್ಯ ಅಂತ ನನಗನಿಸುತ್ತದೆ, ಸ್ವಲ್ಪ ನಿಧಾನವಾಗಿ ಓದಿ. ಹಾವೇರಿ ಜಿಲ್ಲೆಯ ಗಂಡಸರು ಹೆಂಗಸರಿಗಿಂತ ಸರಾಸರಿ ಎತ್ತರ. ಹಾಗಂತ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲದ ಹತ್ತಿರ ನಿಂತಿರೋ ಒಬ್ಬ ಗಂಡಸು, ಒಬ್ಬಳು ಹೆಂಗಸಿನಲ್ಲಿ ಯಾರು ಎತ್ತರ ಅಂತ ನೋಡದೇ ಹೇಳೋಕಾಗುತ್ತಾ? ಗುಳಿಗಿಯ ವಿಷಯದಲ್ಲಿ ಗುಂಪುಗಳ ನಡುವಿನ ಅಂತರ ಇದಕ್ಕಿಂತಲೂ ಸಣ್ಣದು. ಬಿಪಿ ಔಷಧಿಗೆ ಕಪ್ಪು ಮತ್ತು ಬಿಳಿ ಅಮೆರಿಕನ್ನರು ಹೇಗೆ ಸ್ಪಂದಿಸುತ್ತಾರೆ ಅನ್ನೋ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ಎರಡೂ ಕಡೆಯ 80 ಪ್ರತಿಶತಕ್ಕಿಂತ ಹೆಚ್ಚು ಮಂದಿಯ ಇಳಿಕೆ ಒಂದೇ ಥರ ಇತ್ತು. ಸರಾಸರಿಯಲ್ಲಿ ಬೇರೆ ಕಾಣೋದು ಉಳಿದ ಸ್ವಲ್ಪ ಜನರಿಂದ.

ಮೂರನೇದು: ಇದು ಹುಟ್ಟಿನಿಂದ ಬಂದದ್ದಾ, ಬದುಕಿನಿಂದ ಬಂದದ್ದಾ? ಆಫ್ರಿಕಾ ಮೂಲವೇ ಕಾರಣವಾಗಿದ್ದರೆ ಆಫ್ರಿಕಾದಲ್ಲಿ ಬಿಪಿ ಇನ್ನೂ ಜಾಸ್ತಿ ಇರಬೇಕಿತ್ತು ಅಲ್ವಾ? 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದೇ ಮೂಲದ ಜನರನ್ನ ಬೇರೆ ಬೇರೆ ಕಡೆ ಅಳೆಯಿತು. ಪಶ್ಚಿಮ ಆಫ್ರಿಕಾದಲ್ಲಿ 16 ಪ್ರತಿಶತ ಜನರಿಗೆ ಬಿಪಿ, ಕೆರಿಬಿಯನ್ ದ್ವೀಪಗಳಲ್ಲಿ 26, ಅಮೆರಿಕದಲ್ಲಿ 33. ಮೂಲ ಅದೇ, ಊರು ಬದಲಾದ ಹಾಗೆ ಸಂಖ್ಯೆ ಏರುತ್ತ ಹೋಯಿತು. 2005ರಲ್ಲಿ ಬಿಳಿಯರ ದೇಶಗಳನ್ನೂ ಸೇರಿಸಿದರು. ಕಪ್ಪು ಜನರಲ್ಲಿ 14ರಿಂದ 44, ಬಿಳಿಯರಲ್ಲಿ 27ರಿಂದ 55 ಪ್ರತಿಶತ. ಬಿಳಿಯರದ್ದೇ ಮೇಲೆ! ಉಪ್ಪು, ತೂಕ, ದುಡಿಮೆ, ಸಾಲ, ನಿದ್ದೆ, ದಿನಾ ಎದುರಿಸೋ ಅವಮಾನ, ಹತ್ತಿರದಲ್ಲಿ ಡಾಕ್ಟರ್ ಇಲ್ಲದಿರೋದು, ಇವೆಲ್ಲ ರಕ್ತನಾಳದ ಮೇಲೆ ಬರೆ ಎಳೆಯುತ್ತವೆ. ಆ ಹೊಕ್ಕುಳಬಳ್ಳಿಯ ಜೀವಕೋಶವೂ ಒಬ್ಬ ತಾಯಿಯ ಮೈಯಲ್ಲಿ, ಅವಳ ಬದುಕಿನ ನಡುವೆಯೇ ಒಂಬತ್ತು ತಿಂಗಳು ಇದ್ದದ್ದು.

ಹಡಗಿನ ಕಥೆಯೂ ಮೆಸೇಜಿನಲ್ಲಿತ್ತು. ಗುಲಾಮರನ್ನ ಸಾಗಿಸುವಾಗ ಮೈಯಲ್ಲಿ ಉಪ್ಪು ಹಿಡಿದಿಟ್ಟುಕೊಂಡವರು ಮಾತ್ರ ಬದುಕಿದರು, ಅದಕ್ಕೇ ಅವರ ಮಕ್ಕಳಿಗೆ ಬಿಪಿ ಅಂತ. ಕೇಳೋಕೆ ಸರಿ ಅನಿಸುತ್ತದೆ. ಫಿಲಿಪ್ ಕರ್ಟಿನ್ ಅನ್ನೋ ಇತಿಹಾಸಕಾರ 1992ರಲ್ಲಿ ದಾಖಲೆಗಳನ್ನ ಇಟ್ಟು, ಇದಕ್ಕೆ ಆಧಾರ ಇಲ್ಲ ಅಂತ ತೋರಿಸಿದರು. ಕಥೆ ಎಷ್ಟು ಚಂದ ಕೂತರೂ ದಾಖಲೆ ಕೇಳಿ.

ನಾಲ್ಕನೇದು: ಗುಳಿಗಿ ಒಂದೇ ಕೊಟ್ಟಿದ್ದರಾ, ಜೊತೆಗೆ ಇನ್ನೊಂದು ಇತ್ತಾ? ‘ಪ್ರಿಲ್’, ‘ಸಾರ್ಟಾನ್’ ಗುಳಿಗಿಗಳು ಆಫ್ರಿಕಾ ಮೂಲದವರಲ್ಲಿ ಕಮ್ಮಿ ಕೆಲಸ ಮಾಡೋದು ಮುಖ್ಯವಾಗಿ ಒಂಟಿಯಾಗಿ ಕೊಟ್ಟಾಗ. ಮೂತ್ರದ ಗುಳಿಗಿ ಅಥವಾ ಅಮ್ಲೋಡಿಪಿನ್ ಜೊತೆ ಸೇರಿಸಿದರೆ ಆ ಅಂತರ ಬಹಳ ಮಟ್ಟಿಗೆ ಮುಚ್ಚಿಹೋಗುತ್ತದೆ. ಈಗ ಅಂಗಡಿಗೆ ಬರೋ ಚೀಟಿಗಳಲ್ಲಿ ಎರಡು ಔಷಧಿ ಕೂಡಿಸಿದ ಗುಳಿಗಿಯೇ ಜಾಸ್ತಿ.

ಐದನೇದು: ಹೋಲಿಕೆ ಮಾಡೋಕೆ ಬೇರೆ ಗುಂಪು ಇತ್ತಾ? ಸಾರ್ಬಿಟ್ರೇಟ್ ನೆನಪಿದೆಯಲ್ಲ. ಅದರೊಳಗಿನ ಐಸೋಸಾರ್ಬೈಡ್ ಡೈನೈಟ್ರೇಟ್ ಜೊತೆ ನಾಳ ಸಡಿಲಿಸೋ ಇನ್ನೊಂದು ಔಷಧಿ ಹೈಡ್ರಲಜಿನ್ ಸೇರಿಸಿ, ಹೃದಯ ಸೋತ 1,050 ಕಪ್ಪು ಅಮೆರಿಕನ್ನರ ಮೇಲೆ ಒಂದು ಅಧ್ಯಯನ ಮಾಡಿದರು. ಅವರೆಲ್ಲ ಬೇರೆ ಔಷಧಿಗಳನ್ನ ತಗೊಳ್ಳುತ್ತಲೇ ಇದ್ದರು. ಇದನ್ನೂ ಕೊಟ್ಟಾಗ ಸಾವು 43 ಪ್ರತಿಶತ ಕಮ್ಮಿಯಾಯಿತು. ಬಹಳ ಒಳ್ಳೇ ಸುದ್ದಿ. 2005ರಲ್ಲಿ ಅಮೆರಿಕ ಸರ್ಕಾರ ಅದಕ್ಕೆ ಬೈಡಿಲ್ ಹೆಸರಲ್ಲಿ ಅನುಮತಿ ಕೊಟ್ಟಿತು, ಒಂದು ಜನಾಂಗಕ್ಕೆ ಅಂತಲೇ ಹೆಸರಿಸಿ ಒಪ್ಪಿದ ಮೊದಲ ಔಷಧಿ ಅದು. ಆದರೆ ಆ ಅಧ್ಯಯನದಲ್ಲಿ ಕಪ್ಪು ಜನರನ್ನ ಬಿಟ್ಟು ಬೇರೆ ಯಾರೂ ಇರಲಿಲ್ಲ. ಬೇರೆಯವರಿಗೆ ನಾಟೋದಿಲ್ಲ ಅಂತ ಅದರಿಂದ ಹೇಳೋಕೆ ಬರೋದಿಲ್ಲ.

ಇವಿಷ್ಟನ್ನ ಕಾಕಾಗೆ ಹೇಳಿದಾಗ ಅವರಿಗೆ ಹಿಡಿಸಿದ್ದು ಕಟಿಂಗ್ ಅಂಗಡಿಯ ವಿಷಯ. ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನರ 52 ಕಟಿಂಗ್ ಅಂಗಡಿಗಳಲ್ಲಿ ಒಂದು ಪ್ರಯೋಗ ನಡೆಯಿತು, 2018ರಲ್ಲಿ ಪ್ರಕಟವಾಯಿತು. ಬಿಪಿ ಜಾಸ್ತಿ ಇದ್ದ 319 ಗಿರಾಕಿಗಳು. ಅರ್ಧ ಅಂಗಡಿಗಳಲ್ಲಿ ಕಟಿಂಗ್ ಮಾಡೋರು ಡಾಕ್ಟರನ್ನ ನೋಡು, ಊಟ ಸರಿ ಮಾಡ್ಕೊ ಅಂತ ಹೇಳಿದರು. ಇನ್ನರ್ಧದಲ್ಲಿ ನನ್ನಂಥ ಫಾರ್ಮಸಿಸ್ಟ್ ಅಂಗಡಿಗೇ ಬಂದು, ಡಾಕ್ಟರ ಒಪ್ಪಿಗೆ ಇಟ್ಟುಕೊಂಡು ಗುಳಿಗಿ ಕೊಟ್ಟು ಸರಿಹೊಂದಿಸಿದರು. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಬಿಪಿ ಸುಮಾರು 9 ಇಳಿಯಿತು, ಎರಡನೇದರಲ್ಲಿ 27. ಕೊಟ್ಟಿದ್ದು ಏನು ಗೊತ್ತಾ? ಅಮ್ಲೋಡಿಪಿನ್, ಅದರ ಜೊತೆ ‘ಸಾರ್ಟಾನ್’ ಅಥವಾ ‘ಪ್ರಿಲ್’. ಕಪ್ಪು ಜನರಿಗೆ ನಾಟೋದೇ ಇಲ್ಲ ಅಂತ ಕಾಕಾನ ಮೆಸೇಜ್ ಹೇಳಿದ್ದು ಅದೇ ಗುಂಪನ್ನ. ದಿನಾ ಸರಿಯಾಗಿ ತಗೊಂಡರು, ಯಾರೋ ಒಬ್ಬರು ವಿಚಾರಿಸಿಕೊಂಡರು, ಬಿಪಿ ಇಳಿಯಿತು. ಇದನ್ನ ಮೊದಲ ಸಲ ಓದಿದಾಗ ನನ್ನ ಕೆಲಸದ ಮೇಲೆ ನನಗೇ ಹೊಸ ಪ್ರೀತಿ ಬಂತು.

ಹಾಗಾದರೆ ನಮ್ಮ ಕಥೆ ಏನು

ಭಾರತೀಯರ ರಕ್ತನಾಳದ ಬಗ್ಗೆಯೂ ಕೆಲಸ ನಡೆದಿದೆ. ಲಂಡನ್ನಿನಲ್ಲಿ ನೆಲೆಸಿದ ಆರೋಗ್ಯವಂತ ಭಾರತೀಯ ಮೂಲದವರ ತೋಳಿಗೆ, ಮೇಲೆ ಹೇಳಿದ ಆ ಐದು ನಿಮಿಷದ ಪಟ್ಟಿ ಪರೀಕ್ಷೆ ಮಾಡಿದಾಗ ನಾಳ ಅಗಲ ಆಗೋದು ಅಲ್ಲಿನ ಬಿಳಿಯರಿಗಿಂತ ಕಮ್ಮಿ ಇತ್ತು. ಹೊಟ್ಟೆ ಸುತ್ತ ಕೊಬ್ಬು, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ನಮ್ಮಲ್ಲಿ ಬೇಗ ಬರುತ್ತವೆ. ಅದಕ್ಕೇ ನಮ್ಮವರಿಗೆ ಸೊಂಟದ ಅಳತೆಯ ಮಿತಿ ಬೇರೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಟೇಪು ತಗೊಂಡು ಇವತ್ತೇ ಅಳೆದು ನೋಡಿ. ಪ್ಯಾಂಟಿನ ಸೈಜ್ ನಂಬಬೇಡಿ, ಅದು ಹೊಟ್ಟೆಯ ಕೆಳಗೆ ಕೂರುತ್ತದೆ.

ಯಾವ ಗುಳಿಗಿ ಅನ್ನೋದಕ್ಕೆ ನಮ್ಮ ದೇಶದ್ದೇ ಉತ್ತರ ಇದೆ. 2024ರಲ್ಲಿ ಟಾಪ್‌ಸ್ಪಿನ್ ಅನ್ನೋ ಅಧ್ಯಯನ ಪ್ರಕಟವಾಯಿತು. ದೇಶದ 32 ಆಸ್ಪತ್ರೆಗಳಲ್ಲಿ 1,981 ರೋಗಿಗಳು. ಅಮ್ಲೋಡಿಪಿನ್ ಮತ್ತು ಪೆರಿಂಡೋಪ್ರಿಲ್, ಪೆರಿಂಡೋಪ್ರಿಲ್ ಮತ್ತು ಇಂಡಪಮೈಡ್, ಅಮ್ಲೋಡಿಪಿನ್ ಮತ್ತು ಇಂಡಪಮೈಡ್, ಹೀಗೆ ಮೂರು ಜೋಡಿ (ಇಂಡಪಮೈಡ್ ಅಂದರೆ ಮೂತ್ರದ ಗುಳಿಗಿ). ಮೂರೂ ಒಂದೇ ಸಮ ಬಿಪಿ ಇಳಿಸಿದವು. ಆಫ್ರಿಕಾದ ಆರು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಕ್ರಿಯೋಲ್ ಅಧ್ಯಯನದಲ್ಲಿ ಹಾಗಾಗಿರಲಿಲ್ಲ, ಅಲ್ಲಿ ಅಮ್ಲೋಡಿಪಿನ್ ಇದ್ದ ಜೋಡಿಗಳು ಮುಂದೆ ಬಂದವು. ಅಂದರೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲ್ಲ. ಅಲ್ಲಿನ ಉತ್ತರವನ್ನ ಇಲ್ಲಿಗೆ ಎತ್ತಿ ತರೋಕಾಗೋದಿಲ್ಲ ಅಂತ ನಾನು ಹೇಳ್ತಿರೋದು.

ಇಲ್ಲಿ ಸಿದ್ದಿ ಜನರ ಮಾತು ಹೇಳಲೇಬೇಕು. ಕಲಘಟಗಿ ಕಡೆಯಿಂದ, ಹಳಿಯಾಳ ಯಲ್ಲಾಪುರ ಕಡೆಯಿಂದ ಹುಬ್ಬಳ್ಳಿಗೆ ಆಸ್ಪತ್ರೆಗೆ ಬಂದವರು ನನ್ನ ಅಂಗಡಿಗೂ ಬರುತ್ತಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಇವರು ಇಲ್ಲೇ ಹುಟ್ಟಿ ಬೆಳೆದವರು, ನಮ್ಮ ಜೊತೆ ಕನ್ನಡ ಮಾತಾಡೋರು. ಅಮೆರಿಕದ ಕಪ್ಪು ಜನರ ಹಿರಿಯರಲ್ಲಿ ಹೆಚ್ಚಿನವರು ಆಫ್ರಿಕಾದ ಪಶ್ಚಿಮ ಕಡೆಯವರು, ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೂರ್ವದ ಕಡೆಯವರು. ಇಲ್ಲಿಗೆ ಬಂದ ಮೇಲೆ ಇಲ್ಲಿನವರ ಜೊತೆ ರಕ್ತಸಂಬಂಧವೂ ಬೆಳೆದಿದೆ. ಹಾಗಿರುವಾಗ ಮುಖ ನೋಡಿ ‘ನಿಮಗೆ ಈ ಗುಳಿಗಿ ನಾಟೋದಿಲ್ಲ’ ಅಂತ ಅಂಗಡಿಯವರಾಗಲಿ, ಪಕ್ಕದ ಮನೆಯವರಾಗಲಿ ಹೇಳೋದು ದೊಡ್ಡ ತಪ್ಪು. ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ, ಇದು ‘ಪ್ರಿಲ್’ ತಗೊಳ್ಳೋ ಎಲ್ಲರಿಗೂ. ತುಟಿ, ನಾಲಿಗೆ, ಮುಖ ಏಕಾಏಕಿ ಊದಿಕೊಂಡರೆ ಮುಂದಿನ ಗುಳಿಗಿ ತಗೊಳ್ಳಬೇಡಿ, ಸೀದಾ ಆಸ್ಪತ್ರೆಗೆ ಓಡಿ. ನಿಲ್ಲಿಸಬೇಡಿ ಅಂತ ಮೇಲೆ ಹೇಳಿದ ಮಾತಿಗೆ ಇದೊಂದು ವಿನಾಯಿತಿ. ಇದು ಅಪರೂಪ, ಆದರೆ ಆಫ್ರಿಕಾ ಮೂಲದವರಲ್ಲಿ ಜಾಸ್ತಿ ಕಂಡಿದೆ. ಬಿಡದ ಒಣಕೆಮ್ಮು ಬಂದರೆ ಗಾಬರಿ ಬೇಡ, ಡಾಕ್ಟರಿಗೆ ಹೇಳಿ, ಬದಲಾಯಿಸಿ ಕೊಡುತ್ತಾರೆ.

ನಿಮ್ಮ ತೋಳನ್ನ ನೀವೇ ಅಳೆಯಿರಿ

ಗುಳಿಗಿ ನಿಮಗೆ ನಾಟುತ್ತಿದೆಯೋ ಇಲ್ಲವೋ ಅನ್ನೋದು ನಿಮ್ಮ ತೋಳಿನಲ್ಲೇ ಗೊತ್ತಾಗುತ್ತದೆ. ತೋಳಿಗೆ ಕಟ್ಟೋ ಮಷೀನ್ ತಗೊಳ್ಳಿ, ಮಣಿಕಟ್ಟಿನದು ಬೇಡ. ಪಟ್ಟಿಯ ಸೈಜ್ ನೋಡಿ ತಗೊಳ್ಳಿ, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಅಳೆಯೋ ಅರ್ಧ ಗಂಟೆ ಮೊದಲು ಚಹಾ, ಬೀಡಿ, ಗುಟ್ಕಾ, ತಂಬಾಕು ಬೇಡ. ಒಂದಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರೋ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ನೆ ಕೂರಿ. ತೋಳು ಟೇಬಲ್ ಮೇಲೆ ಎದೆಯ ಎತ್ತರಕ್ಕೆ ಇರಲಿ. ಪಟ್ಟಿ ಬರೀ ಮೈಮೇಲೆ ಕಟ್ಟಿ, ಅಂಗಿ ಮೇಲೆ ಬೇಡ. ಅಳೆಯುವಾಗ ಮಾತಾಡಬೇಡಿ. ನಮ್ಮಲ್ಲಿ ಇದೇ ಕಷ್ಟ, ಪಟ್ಟಿ ಕಟ್ಟಿದ ಕೂಡಲೇ ಮಗನ ಮದುವೆ ಮಾತು ತೆಗೆಯುತ್ತಾರೆ, ಅಷ್ಟಕ್ಕೇ ಬಿಪಿ ಏರುತ್ತದೆ.

ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆಯಿರಿ. ಬೆಳಿಗ್ಗೆ ಗುಳಿಗಿ ತಗೊಳ್ಳೋ ಮೊದಲು, ಮತ್ತೆ ಸಂಜೆ. ಹೀಗೆ ಏಳು ದಿನ. ಎಲ್ಲಾ ನೋಟ್‌ಬುಕ್ಕಿನಲ್ಲಿ ಬರೆಯಿರಿ, ನೆನಪಿನ ಮೇಲೆ ಬಿಡಬೇಡಿ. ಮೊದಲ ದಿನದ್ದನ್ನ ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಜಾಸ್ತಿ ಅಂತ. ಆಸ್ಪತ್ರೆಯಲ್ಲಾದರೆ 140/90. ಶುರುವಿಗೆ ಒಮ್ಮೆ ಎರಡೂ ತೋಳು ಅಳೆದು, ಜಾಸ್ತಿ ಬಂದ ತೋಳನ್ನೇ ಮುಂದೆ ಬಳಸಿ.

ಉಪ್ಪಿನ ವಿಷಯಕ್ಕೆ ಬಂದರೆ ನಮ್ಮ ಕಡೆ ಊಟದಲ್ಲೊಂದು ಅನುಕೂಲ ಇದೆ. ಬಹಳ ಮನೆಗಳಲ್ಲಿ ಜೋಳದ ರೊಟ್ಟಿಗೆ ಉಪ್ಪು ಹಾಕೋದಿಲ್ಲ. ಉಪ್ಪೆಲ್ಲಾ ಬರೋದು ತಟ್ಟೆಯ ಅಂಚಿನಿಂದ: ರಂಜಕ, ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ, ಸಂಡಿಗೆ. ಸಂಜೆ ಮಿರ್ಚಿ, ಗಿರಮಿಟ್. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದರೆ ಒಂದು ಸಣ್ಣ ಚಮಚದಷ್ಟು, ಎಲ್ಲಾ ಸೇರಿ. ಪಲ್ಯದ ಉಪ್ಪು ಪೂರ್ತಿ ತೆಗೆದು ಊಟ ಕೆಡಿಸಿಕೊಳ್ಳಬೇಡಿ. ತಟ್ಟೆಯ ಅಂಚನ್ನ ಖಾಲಿ ಮಾಡಿ, ಮೊಸರಿಗೆ ಉಪ್ಪು ಬಿಡಿ, ಸೊಪ್ಪು, ಸೌತೆಕಾಯಿ, ಮೂಲಂಗಿ ಜಾಸ್ತಿ ಮಾಡಿ. ಚೀನಾದ 600 ಹಳ್ಳಿಗಳಲ್ಲಿ, ಉಪ್ಪಿನ ಕಾಲು ಭಾಗ ತೆಗೆದು ಅದರ ಜಾಗಕ್ಕೆ ಪೊಟ್ಯಾಸಿಯಂ ಉಪ್ಪು ಸೇರಿಸಿ ಕೊಟ್ಟಾಗ ಲಕ್ವ 14 ಪ್ರತಿಶತ ಕಮ್ಮಿಯಾಯಿತು ಅಂತ 2021ರಲ್ಲಿ ಬಂತು. ಆ ಥರದ ಉಪ್ಪು ಇಲ್ಲೂ ಸಿಗುತ್ತದೆ. ಆದರೆ ಕಿಡ್ನಿ ತೊಂದರೆ ಇದ್ದರೆ, ‘ಪ್ರಿಲ್’, ‘ಸಾರ್ಟಾನ್’, ಸ್ಪೈರನೊಲ್ಯಾಕ್ಟೋನ್ ತಗೊಳ್ಳುತ್ತಿದ್ದರೆ ಡಾಕ್ಟರನ್ನ ಕೇಳದೇ ಮುಟ್ಟಬೇಡಿ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯ ಆಗಬಹುದು.

ಗುಳಿಗಿ ನಾಟುತ್ತಿಲ್ಲ ಅನ್ನೋರ ಹತ್ತಿರ ನಾನು ಮೊದಲು ಕೇಳೋದು ಮೊಣಕಾಲು ನೋವಿಗೆ ಏನು ತಗೊಳ್ಳುತ್ತೀರಿ ಅಂತ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದವು ಉಪ್ಪು ನೀರನ್ನ ಹಿಡಿದಿಟ್ಟು ಬಿಪಿ ಏರಿಸುತ್ತವೆ, ಬಿಪಿ ಗುಳಿಗಿಯ ಬಲವನ್ನೂ ತಗ್ಗಿಸುತ್ತವೆ. ಆಮೇಲೆ ಕೇಳೋದು, ವಾರದಲ್ಲಿ ಎಷ್ಟು ದಿನ ಗುಳಿಗಿ ಮರೆತಿರಿ ಅಂತ. ಈ ಎರಡಕ್ಕೆ ಉತ್ತರ ಸಿಕ್ಕರೆ ಸಾಕು, ಜನಾಂಗದ ಮಾತಿನವರೆಗೆ ಹೋಗೋ ಪ್ರಸಂಗ ನನಗೆ ಇಷ್ಟು ವರ್ಷದಲ್ಲಿ ಬಂದೇ ಇಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಮೆಸೇಜನ್ನೂ ತಗೊಂಡು ಹೋಗಿ, ನಾಚಿಕೆ ಬೇಡ. ಜೊತೆಗೆ ಏಳು ದಿನದ ನೋಟ್‌ಬುಕ್, ತಗೊಳ್ಳೋ ಎಲ್ಲಾ ಗುಳಿಗಿಗಳ ಪಟ್ಟಿ, ನೋವಿನದೂ ಸೇರಿಸಿ. ಹೀಗೆ ಕೇಳಿ: “ಸರ್, ನನ್ನ ಬಿಪಿ ಇಷ್ಟಿದೆ, ಈ ಗುಳಿಗಿ ನನಗೆ ಸಾಕಾಗ್ತಿದೆಯಾ, ಇನ್ನೊಂದು ಸೇರಿಸಬೇಕಾ? ಕಿಡ್ನಿ, ಪೊಟ್ಯಾಸಿಯಂ ಟೆಸ್ಟ್ ಯಾವಾಗ ಮಾಡಿಸಲಿ?” ಗರ್ಭಿಣಿಯರು, ಮಗು ಬೇಕು ಅಂತಿರೋರು ‘ಪ್ರಿಲ್’, ‘ಸಾರ್ಟಾನ್’ ಬಗ್ಗೆ ಮರೆಯದೆ ಕೇಳಲೇಬೇಕು, ಹೊಟ್ಟೆಯಲ್ಲಿರೋ ಮಗುವಿಗೆ ಅವು ಒಳ್ಳೇದಲ್ಲ.

ಕಾಕಾನ ಡಾಕ್ಟರ್ ಅವರ ನೋಟ್‌ಬುಕ್ ನೋಡಿ ಟೆಲ್ಮಿಸಾರ್ಟಾನ್ ಹಾಗೇ ಇಟ್ಟು ಅಮ್ಲೋಡಿಪಿನ್ 5 ಸೇರಿಸಿದರು, ಒಂದೇ ಗುಳಿಗಿಯಲ್ಲಿ ಎರಡೂ. ಮೊದಲ ವಾರ ಪಾದ ಸ್ವಲ್ಪ ಊದಿತ್ತು. ಅಮ್ಲೋಡಿಪಿನ್‌ನಿಂದ ಹಾಗಾಗಬಹುದು, ಡಾಕ್ಟರಿಗೆ ಫೋನ್ ಮಾಡಿ ಹೇಳಿ ಕಾಕಾ ಅಂದೆ, ಈ ಸಲ ತಾವಾಗೇ ನಿಲ್ಲಿಸಲಿಲ್ಲ. ಹಳೇ ಎಲ್‌ಐಸಿ ಡೈರಿಯಲ್ಲಿ ನೀಲಿ ಪೆನ್ನಿನಿಂದ ಬೆಳಿಗ್ಗೆದು, ಕೆಂಪು ಪೆನ್ನಿನಿಂದ ಸಂಜೆದು ಬರೆಯುತ್ತಾರೆ. ಮೊನ್ನೆ ಗುಳಿಗಿ ಒಯ್ಯೋಕೆ ಬಂದಾಗ ಕೌಂಟರ್ ಮೇಲೆ ಬಿಚ್ಚಿಟ್ಟು ತೋರಿಸಿದರು. ಕೊನೆಯ ಸಾಲು 128/78. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ರಂಜಕ ತಿಂದಿಲ್ಲ’ ಅಂತ ಬರೆದಿದ್ದರು.